ಚಳಿಗೆ ಅಂಜದ ವಾಚು ಯಾವುದು?

ಮಕ್ಕಳೇ, ಡಿಸೆಂಬರ್ ತಿಂಗಳ ಮುಂಜಾನೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಗ್ಗಿಸಿದರೆ ಏನಾಗುತ್ತದೆ? ಎಣ್ಣೆ ಕೆಳಗೆ ಬೀಳುವುದೇ ಇಲ್ಲ. ಬೆಣ್ಣೆಯ ಹಾಗೆ ಗಟ್ಟಿಯಾಗಿ ಕುಳಿತಿರುತ್ತದೆ. ಅದನ್ನು ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ತೆಳ್ಳಗಾಗುತ್ತದೆ. ಎಣ್ಣೆ ಕೆಟ್ಟಿರಲಿಲ್ಲ. ಅದಕ್ಕೆ ಚಳಿ ತಾಗಿತ್ತು, ಅಷ್ಟೆ.

ಕೈಗೆ ಕಟ್ಟಿಕೊಳ್ಳುವ ವಾಚಿಗೂ ಹೀಗೆ ಚಳಿ ತಾಗುತ್ತದೆ ಎಂದರೆ ನಂಬುತ್ತೀರಾ? ಬೀದರ್, ವಿಜಯಪುರಗಳಲ್ಲಿ ಚಳಿಗಾಲದ ಬೆಳಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದುಂಟು. ಅಷ್ಟು ಚಳಿಗೆ ವಾಚು ಜಗ್ಗುವುದಿಲ್ಲ. ಆದರೆ ನೀರೇ ಕಲ್ಲಿನಂತೆ ಹೆಪ್ಪುಗಟ್ಟುವ ಊರುಗಳಲ್ಲಿ ಒಳ್ಳೆಯ ವಾಚುಗಳೂ ಮಂಕಾಗುತ್ತವೆ. ಕೆಲವು ಇದ್ದಕ್ಕಿದ್ದಂತೆ ನಿಂತೇ ಹೋಗುತ್ತವೆ. ಏಕೆ? ಚಳಿಯಲ್ಲೂ ಕೈಕೊಡದ ವಾಚನ್ನು ಆರಿಸುವುದು ಹೇಗೆ? ಬನ್ನಿ, ತಿಳಿಯೋಣ.

ಹೆಪ್ಪುಗಟ್ಟಿದ ಸರೋವರದ ಮೇಲೆ ಓಟ

ನಮ್ಮ ದೇಶದ ಉತ್ತರದ ತುದಿಯಲ್ಲಿ ಲಡಾಖ್ ಇದೆ. ಅಲ್ಲಿ ಭಾರತ ಮತ್ತು ಚೀನಾ ಎರಡರಲ್ಲೂ ಹರಡಿಕೊಂಡಿರುವ ಪ್ಯಾಂಗಾಂಗ್ ಎಂಬ ದೊಡ್ಡ ಸರೋವರವಿದೆ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 4,225 ಮೀಟರ್. ಅದರ ನೀರು ಉಪ್ಪು. ಉಪ್ಪುನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಆದರೂ ಚಳಿಗಾಲದಲ್ಲಿ ಈ ಸರೋವರ ಜನರು ಮೇಲೆ ನಡೆದಾಡುವಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ! ಅಲ್ಲಿನ ಚಳಿಗಾಲದಲ್ಲಿ ಉಷ್ಣತೆ ಮೈನಸ್ 30 ಡಿಗ್ರಿಗೂ ಇಳಿಯಬಹುದು. ಮೈನಸ್ 30 ಎಂದರೆ ನೀರು ಮಂಜುಗಡ್ಡೆಯಾಗುವ ಸೊನ್ನೆ ಡಿಗ್ರಿಗಿಂತಲೂ 30 ಡಿಗ್ರಿ ಕೆಳಗೆ.

2023ರ ಫೆಬ್ರವರಿಯಲ್ಲಿ ಈ ಹೆಪ್ಪುಗಟ್ಟಿದ ಸರೋವರದ ಮೇಲೆ 21 ಕಿಲೋಮೀಟರ್ ಓಟದ ಸ್ಪರ್ಧೆ ನಡೆಯಿತು. ಹೆಪ್ಪುಗಟ್ಟಿದ ಸರೋವರದ ಮೇಲೆ ಅತಿ ಎತ್ತರದ ಸ್ಥಳದಲ್ಲಿ ನಡೆದ ಅರೆ ಮ್ಯಾರಥಾನ್ ಎಂದು ಅದು ಗಿನ್ನೆಸ್ ದಾಖಲೆಗೆ ಸೇರಿತು. ಹಿಮಾಲಯದ ಹಿಮ ಕರಗುತ್ತಿರುವುದರ ಬಗ್ಗೆ ಜನರ ಗಮನ ಸೆಳೆಯುವುದು ಅದರ ಉದ್ದೇಶವಾಗಿತ್ತು.

ಈಗ ಹೀಗೆ ಊಹಿಸಿಕೊಳ್ಳಿ. ನಿಮ್ಮೂರಿನ ಅಕ್ಕ ಒಬ್ಬಳು ಚೆನ್ನಾಗಿ ಓಡುತ್ತಾಳೆ. ಇಂತಹುದೇ ಒಂದು ಓಟಕ್ಕೆ ಅವಳು ಹೊರಟಿದ್ದಾಳೆ. ಅವಳಿಗೆ ವಾಚು ಆರಿಸುವ ಜವಾಬ್ದಾರಿ ನಿಮ್ಮದು. ಅಂಗಡಿಯಲ್ಲಿ ಬಣ್ಣ ಬಣ್ಣದ ವಾಚುಗಳಿವೆ. ಅವಳಿಗೆ ಬೇಕಾದದ್ದು ಅಂದದ ವಾಚಲ್ಲ. ಎಷ್ಟು ಹೊತ್ತು ಓಡಿದೆ, ಎಷ್ಟು ದೂರ ಬಂದೆ, ಮುಂದಿನ ನಿಲುಗಡೆ ಎಷ್ಟು ದೂರವಿದೆ ಎಂಬುದನ್ನು ಅದು ಸರಿಯಾಗಿ ತಿಳಿಸಬೇಕು. ಅಷ್ಟು ಚಳಿಯಲ್ಲಿ ಬೆವರಿದ ಬಟ್ಟೆಯಲ್ಲಿ ಸುಮ್ಮನೆ ನಿಂತರೆ ಮೈ ಬೇಗ ತಣ್ಣಗಾಗುತ್ತದೆ. ಬೆರಳುಗಳು ಮರಗಟ್ಟುತ್ತವೆ. ಎಲ್ಲಿ ನೋಡಿದರೂ ಬಿಳಿಯ ಮಂಜುಗಡ್ಡೆ. ಅಲ್ಲಿ ಸಮಯ ಮತ್ತು ದೂರದ ಲೆಕ್ಕ ತಪ್ಪಿದರೆ ಅಪಾಯ.

ವಾಚು ಒಂದೇ ವಸ್ತುವಲ್ಲ

ವಾಚನ್ನು ನಾವು ಒಂದು ವಸ್ತು ಎಂದು ತಿಳಿಯುತ್ತೇವೆ. ಆದರೆ ಅದರೊಳಗೆ ಹಲವು ಕೆಲಸಗಾರರಿದ್ದಾರೆ. ಕಾಲವನ್ನು ಎಣಿಸುವ ಸ್ಫಟಿಕ ಒಬ್ಬ. ಶಕ್ತಿ ಕೊಡುವ ಬ್ಯಾಟರಿ ಇನ್ನೊಬ್ಬ. ಅಂಕಿಗಳನ್ನು ತೋರಿಸುವ ಪರದೆ ಮೂರನೆಯವನು. ನೀರು ಒಳಗೆ ಬಾರದಂತೆ ತಡೆಯುವ ರಬ್ಬರ್ ಬಳೆ ನಾಲ್ಕನೆಯವನು. ಚಳಿ ಇವರೆಲ್ಲರನ್ನೂ ಒಂದೇ ರೀತಿ ಕಾಡುವುದಿಲ್ಲ. ಆದರೆ ಇವರಲ್ಲಿ ಒಬ್ಬ ಸೋತರೂ ಸಾಕು, ಇಡೀ ವಾಚು ಸೋತಂತೆಯೇ. ಆದ್ದರಿಂದ ಚಳಿಗೆ ಮೊದಲು ಸೋಲುವವನು ಯಾರು ಎಂದು ಕಂಡುಹಿಡಿಯಬೇಕು. ಒಬ್ಬೊಬ್ಬರನ್ನೇ ಪರೀಕ್ಷಿಸೋಣ.

ಸ್ಫಟಿಕ: ಚಳಿಯಲ್ಲೂ ಗಟ್ಟಿಗ

ಇಂದಿನ ಹೆಚ್ಚಿನ ವಾಚುಗಳಲ್ಲಿ ಕಾಲವನ್ನು ಎಣಿಸುವುದು ಕ್ವಾರ್ಟ್ಸ್ ಎಂಬ ಸ್ಫಟಿಕದ ಚಿಕ್ಕ ತುಣುಕು. ಅದಕ್ಕೆ ವಿದ್ಯುತ್ ಹರಿಸಿದರೆ ಅದು ಕಂಪಿಸುತ್ತದೆ. ಎಷ್ಟು ಬಾರಿ ಗೊತ್ತೇ? ಸೆಕೆಂಡಿಗೆ 32,768 ಬಾರಿ! ಈ ವಿಚಿತ್ರ ಸಂಖ್ಯೆಯೇ ಏಕೆ? ಅದನ್ನು 2ರಿಂದ ಭಾಗಿಸಿ. ಬಂದ ಉತ್ತರವನ್ನು ಮತ್ತೆ 2ರಿಂದ ಭಾಗಿಸಿ. ಹೀಗೆ 15 ಬಾರಿ ಮಾಡಿದರೆ ಸರಿಯಾಗಿ 1 ಉಳಿಯುತ್ತದೆ. ವಾಚಿನೊಳಗಿನ ಪುಟ್ಟ ವಿದ್ಯುನ್ಮಂಡಲ ಇದೇ ಲೆಕ್ಕವನ್ನು ಮಾಡಿ ಒಂದು ಸೆಕೆಂಡನ್ನು ಪಡೆಯುತ್ತದೆ. ಕ್ವಾರ್ಟ್ಸ್ ಸ್ಫಟಿಕವಿರುವ ಮೊದಲ ಕೈಗಡಿಯಾರವನ್ನು ಜಪಾನಿನ ಸೈಕೊ ಸಂಸ್ಥೆ 1969ರ ಡಿಸೆಂಬರ್ 25ರಂದು ಮಾರಾಟಕ್ಕೆ ತಂದಿತು.

ಈ ಸ್ಫಟಿಕವನ್ನು ಸುಮಾರು 25 ಡಿಗ್ರಿ ಉಷ್ಣತೆಗೆ ಹೊಂದುವಂತೆ ಕತ್ತರಿಸಿರುತ್ತಾರೆ. ಅದಕ್ಕಿಂತ ಚಳಿಯಾದರೂ, ಬಿಸಿಯಾದರೂ ಅದು ಕೊಂಚ ನಿಧಾನವಾಗುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಇಡೀ ದಿನ ಇಟ್ಟರೆ ವಾಚು ಸುಮಾರು 6 ಸೆಕೆಂಡು ಹಿಂದೆ ಬೀಳಬಹುದು. ಅಕ್ಕನ ಓಟ ಮೂರು ಗಂಟೆ ಹಿಡಿಯಿತು ಎನ್ನೋಣ. ಆಗ ವ್ಯತ್ಯಾಸ ಒಂದು ಸೆಕೆಂಡೂ ಆಗುವುದಿಲ್ಲ. ಆದ್ದರಿಂದ ಸ್ಫಟಿಕದ ಬಗ್ಗೆ ಚಿಂತೆ ಬೇಡ.

ನಿಮ್ಮ ಅಜ್ಜನ ಬಳಿ ಹಳೆಯ ಎಚ್‌ಎಂಟಿ ವಾಚು ಇದ್ದರೆ ಕೇಳಿ ನೋಡಿ. ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆ ಆರಂಭವಾಯಿತು. ದಿನವೂ ಕೀ ಕೊಡಬೇಕಾದ ಆ ವಾಚುಗಳಿಗೆ ಬ್ಯಾಟರಿಯೇ ಬೇಡ. ಹಾಗಾದರೆ ಅವು ಚಳಿಗೆ ಅಂಜುವುದಿಲ್ಲವೇ? ಅವಕ್ಕೂ ತೊಂದರೆ ಇದೆ. ಅವುಗಳ ಚಕ್ರಗಳಿಗೆ ಹನಿಯಷ್ಟು ಎಣ್ಣೆ ಹಾಕಿರುತ್ತಾರೆ. ಕಡು ಚಳಿಯಲ್ಲಿ ಆ ಎಣ್ಣೆ ಮಂದವಾಗಿ ಚಕ್ರಗಳ ಓಟ ಏರುಪೇರಾಗುತ್ತದೆ. ನಮ್ಮ ಕೊಬ್ಬರಿ ಎಣ್ಣೆಯ ಕಥೆಯೇ ಅಲ್ಲೂ!

ಬ್ಯಾಟರಿ: ಮೊದಲು ಸೋಲುವವನು

ಬ್ಯಾಟರಿಯೊಳಗೆ ಎರಡು ಧ್ರುವಗಳಿವೆ. ಅವುಗಳ ನಡುವೆ ಒಂದು ದ್ರವವಿದೆ. ವಿದ್ಯುದಾವೇಶ ಹೊತ್ತ ಅಯಾನುಗಳೆಂಬ ಅತಿ ಸಣ್ಣ ಕಣಗಳು ಆ ದ್ರವದಲ್ಲಿ ಒಂದು ಧ್ರುವದಿಂದ ಇನ್ನೊಂದಕ್ಕೆ ಸಾಗುತ್ತವೆ. ಅವು ಸಾಗಿದರೆ ಮಾತ್ರ ವಾಚಿಗೆ ವಿದ್ಯುತ್ ಸಿಗುತ್ತದೆ. ಚಳಿಯಲ್ಲಿ ದ್ರವ ಮಂದವಾಗುತ್ತದೆ. ರಾಸಾಯನಿಕ ಕ್ರಿಯೆಯೂ ನಿಧಾನವಾಗುತ್ತದೆ. ಗಟ್ಟಿ ನೆಲದ ಮೇಲೆ ಜೋರಾಗಿ ಓಡುವ ನೀವು ಕೆಸರುಗದ್ದೆಯಲ್ಲಿ ಕಾಲೆತ್ತಲು ಎಷ್ಟು ಕಷ್ಟಪಡುತ್ತೀರಿ? ಅಯಾನುಗಳ ಪಾಡೂ ಹಾಗೆಯೇ.

ಆಗ ವಾಚು ಕೇಳಿದಷ್ಟು ವಿದ್ಯುತ್ತನ್ನು ಬ್ಯಾಟರಿ ಕೊಡಲಾರದು. ಅದರ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ಖಾಲಿಯಾಯಿತೆಂದು ತಿಳಿದು ವಾಚು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಿಜವಾಗಿ ಶಕ್ತಿ ಒಳಗೇ ಇದೆ! ವಾಚನ್ನು ಬೆಚ್ಚಗೆ ಮಾಡಿದರೆ ಅದು ಮತ್ತೆ ಎಚ್ಚರಗೊಳ್ಳುವುದು ಇದೇ ಕಾರಣಕ್ಕೆ.

ಎಲ್ಲ ಬ್ಯಾಟರಿಗಳೂ ಒಂದೇ ಅಲ್ಲ. ಮುಳ್ಳಿನ ಸಾಮಾನ್ಯ ವಾಚುಗಳಲ್ಲಿ ಹೆಚ್ಚಾಗಿ ಸಿಲ್ವರ್ ಆಕ್ಸೈಡ್ ಗುಂಡಿ ಬ್ಯಾಟರಿ ಇರುತ್ತದೆ. ಅದರೊಳಗಿನ ದ್ರವದಲ್ಲಿ ನೀರಿನ ಅಂಶವಿದೆ. ಲಿಥಿಯಂ ಗುಂಡಿ ಬ್ಯಾಟರಿಯಲ್ಲಿ ನೀರಿಲ್ಲ, ಬೇರೆ ಬಗೆಯ ದ್ರವವಿದೆ. ಆದ್ದರಿಂದ ಅದು ಹೆಚ್ಚು ಚಳಿಯನ್ನು ತಡೆಯಬಲ್ಲದು. ಓಟದ ವಾಚುಗಳಲ್ಲಿ ಇರುವುದು ಮರಳಿ ಚಾರ್ಜ್ ಮಾಡಬಹುದಾದ ಲಿಥಿಯಂ ಅಯಾನ್ ಬ್ಯಾಟರಿ. ಇದು ಸಾಮಾನ್ಯವಾಗಿ ಮೈನಸ್ 20 ಡಿಗ್ರಿಯವರೆಗೆ ಕೆಲಸ ಮಾಡುತ್ತದೆ. ಆದರೆ ಅಷ್ಟು ಚಳಿಯಲ್ಲಿ ಮೊದಲಿನಷ್ಟು ಹೊತ್ತು ಬಾಳಿಕೆ ಬರುವುದಿಲ್ಲ.

ಓಟದ ವಾಚಿಗೆ ಇನ್ನೊಂದು ಹೊರೆಯೂ ಇದೆ. ದೂರವನ್ನು ಅಳೆಯಲು ಅದು ಜಿಪಿಎಸ್ ಉಪಗ್ರಹಗಳ ಸಂಕೇತಗಳನ್ನು ಹಿಡಿಯಬೇಕು. ಆ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬರುವ ಕ್ಷೀಣ ಸಂಕೇತಗಳನ್ನು ಎಡೆಬಿಡದೆ ಆಲಿಸಿ ಲೆಕ್ಕ ಹಾಕಲು ಹೆಚ್ಚು ವಿದ್ಯುತ್ ಬೇಕು. ಡಬ್ಬಿಯ ಮೇಲೆ ಬರೆದಿರುವ ಗಂಟೆಗಳ ಲೆಕ್ಕ ಬೆಚ್ಚನೆಯ ಕೋಣೆಯದು. ಆದ್ದರಿಂದ ಮೂರು ಗಂಟೆಯ ಓಟಕ್ಕೆ ಅದರ ಎರಡು ಮೂರು ಪಟ್ಟು ಹೊತ್ತು ಜಿಪಿಎಸ್ ನಡೆಸಬಲ್ಲ ವಾಚನ್ನೇ ಆರಿಸಬೇಕು.

*ನಿಮಗೆ ಗೊತ್ತೇ?* ಗುಂಡಿ ಬ್ಯಾಟರಿಯ ಮೇಲೆ 'ಸಿಆರ್ 2032' ಎಂದು ಬರೆದಿರುವುದನ್ನು ನೋಡಿರಬಹುದು. ಇಲ್ಲಿ 20 ಎಂದರೆ ಅದರ ವ್ಯಾಸ 20 ಮಿಲಿಮೀಟರ್. 32 ಎಂದರೆ ಅದರ ದಪ್ಪ 3.2 ಮಿಲಿಮೀಟರ್. 'ಸಿಆರ್' ಎಂದರೆ ಲಿಥಿಯಂ ಬಗೆಯದು. ಸ್ಕೇಲಿನಿಂದ ಅಳೆದು ನೋಡಿ. ಆದರೆ ಅದು ಪುಟ್ಟ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಪ್ರಾಣಕ್ಕೇ ಅಪಾಯ.

ಪರದೆ: ಮಂಕಾಗುವ ಅಂಕಿಗಳು

ಕ್ಯಾಲ್ಕುಲೇಟರಿನಲ್ಲಿ ಕಪ್ಪು ಅಂಕಿಗಳು ಮೂಡುವುದನ್ನು ನೀವು ನೋಡಿದ್ದೀರಿ. ಅದು ಎಲ್‌ಸಿಡಿ ಪರದೆ. ಅದರ ಎರಡು ಗಾಜುಗಳ ನಡುವೆ ದ್ರವಸ್ಫಟಿಕ ಎಂಬ ವಸ್ತುವಿನ ತೆಳುವಾದ ಪದರ ಇದೆ. ಇದು ದ್ರವದಂತೆ ಹರಿಯುತ್ತದೆ, ಆದರೆ ಇದರ ಅಣುಗಳು ಹರಳಿನಲ್ಲಿರುವಂತೆ ಒಂದು ಶಿಸ್ತಿನಲ್ಲಿ ನಿಂತಿರುತ್ತವೆ. ವಿದ್ಯುತ್ ಕೊಟ್ಟರೆ ಕಡ್ಡಿಯಂತಹ ಈ ಅಣುಗಳು ತಿರುಗಿ ನಿಲ್ಲುತ್ತವೆ. ಆಗ ಬೆಳಕಿನ ದಾರಿ ಮುಚ್ಚಿ ಅಲ್ಲಿ ಕಪ್ಪು ಗೆರೆ ಮೂಡುತ್ತದೆ. ಇಂತಹ ಏಳು ಗೆರೆಗಳಿದ್ದರೆ 0ಯಿಂದ 9ರವರೆಗಿನ ಯಾವ ಅಂಕಿಯನ್ನಾದರೂ ತೋರಿಸಬಹುದು.

ಕಡು ಚಳಿಯಲ್ಲಿ ದ್ರವಸ್ಫಟಿಕ ಮಂದವಾಗುತ್ತದೆ. ಅಣುಗಳು ತಟ್ಟನೆ ತಿರುಗಲಾರವು. 7 ಅಳಿಯುವ ಮೊದಲೇ 8 ಬರುತ್ತದೆ. ಸೆಕೆಂಡಿನ ಅಂಕಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಇನ್ನೂ ಚಳಿ ಹೆಚ್ಚಾದರೆ ಪರದೆ ಬರಿದಾಗಿ ಕಾಣುತ್ತದೆ. ವಾಚು ಒಳಗೆ ಸರಿಯಾಗಿಯೇ ಎಣಿಸುತ್ತಿರುತ್ತದೆ, ನಮಗೆ ಹೇಳಲು ಮಾತ್ರ ಆಗುವುದಿಲ್ಲ.

ಕೆಲವು ವಾಚುಗಳಲ್ಲಿ ಒಎಲ್‌ಇಡಿ ಎಂಬ ಪರದೆ ಇರುತ್ತದೆ. ಅದರ ಚುಕ್ಕಿಗಳು ತಾವೇ ಬೆಳಗುತ್ತವೆ. ಅಲ್ಲಿ ಮಂದವಾಗುವ ದ್ರವಸ್ಫಟಿಕವೇ ಇಲ್ಲದ್ದರಿಂದ ಚಳಿಯಲ್ಲೂ ಅಂಕಿಗಳು ಚುರುಕಾಗಿ ಬದಲಾಗುತ್ತವೆ. ಆದರೆ ಸದಾ ಬೆಳಗಲು ಹೆಚ್ಚು ವಿದ್ಯುತ್ ಬೇಕು. ಒಂದು ಲಾಭ ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ. ಅಕ್ಕನಿಗೆ ಬಾಳಿಕೆಯ ಬ್ಯಾಟರಿ ಮುಖ್ಯವೋ, ಚುರುಕಾದ ಪರದೆ ಮುಖ್ಯವೋ ಎಂದು ತೂಗಿ ನೋಡಬೇಕು.

*ನಿಮಗೆ ಗೊತ್ತೇ?* ದ್ರವಸ್ಫಟಿಕವನ್ನು ಮೊದಲು ಗುರುತಿಸಿದವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಜರ್. ಅದು 1888ರಲ್ಲಿ. ಅವರು ಪರೀಕ್ಷಿಸುತ್ತಿದ್ದ ವಸ್ತು ಕ್ಯಾರೆಟ್ ಗೆಡ್ಡೆಯಿಂದ ಪಡೆದದ್ದು! ಅಲ್ಲಿಯವರೆಗೆ ವಿಜ್ಞಾನಿಗಳು ಬಲ್ಲ ದ್ರವಸ್ಫಟಿಕಗಳ ಅಣುಗಳು ಕಡ್ಡಿಯ ಆಕಾರದವು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು ತಟ್ಟೆಯ ಆಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗಬಲ್ಲದು ಎಂದು ತೋರಿಸಿಕೊಟ್ಟರು.

ರಬ್ಬರ್ ಬಳೆ: ಚಿಕ್ಕದಾದರೂ ದೊಡ್ಡ ಕೆಲಸ

ವಾಚಿನ ಹಿಂಬದಿಯ ಮುಚ್ಚಳದ ಅಂಚಿನಲ್ಲಿ ತೆಳುವಾದ ರಬ್ಬರ್ ಬಳೆ ಇರುತ್ತದೆ. ಬೆವರು, ಮಳೆ, ಕರಗಿದ ಹಿಮ ಒಳಗೆ ಹೋಗದಂತೆ ತಡೆಯುವುದು ಇದೇ. ರಬ್ಬರ್ ಚಳಿಯಲ್ಲಿ ಬಿರುಸಾಗುತ್ತದೆ. ಒತ್ತಿದ ಮೇಲೆ ಮತ್ತೆ ಮೊದಲಿನ ಆಕಾರಕ್ಕೆ ಬೇಗ ಮರಳುವುದಿಲ್ಲ.

ಇದು ಸಣ್ಣ ವಿಷಯವೆಂದು ತಿಳಿಯಬೇಡಿ. ವಾಚಿನದಕ್ಕಿಂತ ಬಹಳ ದೊಡ್ಡದಾದ ರಬ್ಬರ್ ಬಳೆಗಳನ್ನು ರಾಕೆಟ್ಟುಗಳಲ್ಲೂ ಬಳಸುತ್ತಾರೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಮೇಲೇರಿದ 73 ಸೆಕೆಂಡುಗಳಲ್ಲೇ ಚೂರಾಯಿತು. ಒಳಗಿದ್ದ ಏಳು ಮಂದಿಯೂ ಪ್ರಾಣ ಕಳೆದುಕೊಂಡರು. ಆ ದಿನ ಅಲ್ಲಿ ಎಂದಿಗಿಂತ ಹೆಚ್ಚು ಚಳಿಯಿತ್ತು. ರಾಕೆಟ್ಟಿನ ಭಾಗಗಳ ನಡುವಿನ ರಬ್ಬರ್ ಬಳೆ ಬಿರುಸಾಗಿ ಬಿಸಿ ಅನಿಲ ಸೋರಿದ್ದೇ ಅನಾಹುತಕ್ಕೆ ಕಾರಣವಾಯಿತು. ತನಿಖೆಯ ಸಭೆಯಲ್ಲಿ ವಿಜ್ಞಾನಿ ರಿಚರ್ಡ್ ಫೈನ್‌ಮನ್ ರಬ್ಬರಿನ ತುಂಡೊಂದನ್ನು ಒತ್ತಿ ಹಿಡಿದು ಮಂಜುಗಡ್ಡೆಯ ನೀರಿನಲ್ಲಿ ಅದ್ದಿದರು. ಹೊರತೆಗೆದು ಒತ್ತಡ ಬಿಟ್ಟಾಗ ಅದು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಒಂದು ಲೋಟ ತಣ್ಣೀರು ಎಲ್ಲರಿಗೂ ವಿಷಯವನ್ನು ಅರ್ಥ ಮಾಡಿಸಿತು.

ವಾಚಿನ ಪಟ್ಟಿಯನ್ನು ನೋಡುವಾಗಲೂ ಇದನ್ನು ನೆನಪಿಡಿ. ಅಗ್ಗದ ಪ್ಲಾಸ್ಟಿಕ್ ಪಟ್ಟಿ ಕಡು ಚಳಿಯಲ್ಲಿ ಸೆಡೆದು ಸೀಳಬಹುದು. ಸಿಲಿಕೋನ್ ಪಟ್ಟಿ ಮೆತ್ತಗೇ ಉಳಿಯುತ್ತದೆ. ಬಟ್ಟೆಯ ಪಟ್ಟಿಯೂ ಆಗಬಹುದು.

ಗುಂಡಿಯೋ, ಸ್ಪರ್ಶವೋ?

ಬೆರಳು ತಾಗಿಸಿದರೆ ಕೆಲಸ ಮಾಡುವ ಪರದೆಗಳು ಬೆರಳಿನ ವಿದ್ಯುತ್ ಗುಣವನ್ನು ಗುರುತಿಸುತ್ತವೆ. ದಪ್ಪ ಕೈಗವಸು ನಡುವೆ ಬಂದರೆ ಅವಕ್ಕೆ ಬೆರಳು ಬಂದದ್ದೇ ತಿಳಿಯುವುದಿಲ್ಲ. ಪ್ಯಾಂಗಾಂಗ್‌ನಂತಹ ಕಡೆ ಕೈಗವಸು ಕಳಚುವುದು ಜಾಣತನವಲ್ಲ. ಹಾಗಾಗಿ ಒತ್ತುವ ಗುಂಡಿಗಳಿರುವ ವಾಚೇ ಮೇಲು. ಅಂಗಡಿಯಲ್ಲಿಯೇ ಕೈಗವಸು ಹಾಕಿಕೊಂಡು ಗುಂಡಿ ಒತ್ತಿ ನೋಡಿದರೆ ಇನ್ನೂ ಒಳ್ಳೆಯದು.

ಓಟದ ವಾಚು ನಾಡಿಬಡಿತವನ್ನೂ ಎಣಿಸುತ್ತದೆ. ಅದರ ಕೆಳಗಿನ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಹಾಯಿಸಿ ರಕ್ತದ ಹರಿವನ್ನು ಗಮನಿಸುತ್ತದೆ. ಚಳಿಯಾದಾಗ ನಮ್ಮ ದೇಹ ಒಳಗಿನ ಅಂಗಗಳನ್ನು ಬೆಚ್ಚಗಿಡಲು ಚರ್ಮದ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಮಣಿಕಟ್ಟಿಗೆ ರಕ್ತ ಕಡಿಮೆ ಬರುತ್ತದೆ. ಆಗ ವಾಚಿನ ಎಣಿಕೆ ತಪ್ಪಬಹುದು. ಇದು ವಾಚಿನ ದೋಷವಲ್ಲ. ಸರಿಯಾದ ಎಣಿಕೆ ಬೇಕಾದವರು ಎದೆಗೆ ಕಟ್ಟುವ ಪಟ್ಟಿಯನ್ನು ಬಳಸುತ್ತಾರೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ.

ಡಬ್ಬಿಯ ಮೇಲಿನ ಎರಡು ಸಂಖ್ಯೆಗಳು

ಇಷ್ಟೆಲ್ಲ ತಿಳಿದ ಮೇಲೆ ಅಂಗಡಿಗೆ ಹೋಗೋಣ. ವಾಚಿನ ಜೊತೆ ಕೊಡುವ ಪುಸ್ತಿಕೆಯಲ್ಲಿ 'ಕಾರ್ಯ ಉಷ್ಣತೆ' ಎಂಬ ಸಾಲನ್ನು ಹುಡುಕಿ. ಅಲ್ಲಿ ಎರಡು ಸಂಖ್ಯೆಗಳಿರುತ್ತವೆ. ಕೆಲವು ಸ್ಮಾರ್ಟ್ ವಾಚುಗಳಿಗೆ ಅದು 0ಯಿಂದ 35 ಡಿಗ್ರಿ ಮಾತ್ರ. ಪರ್ವತಾರೋಹಿಗಳಿಗಾಗಿ ಮಾಡಿದ ಕ್ಯಾಸಿಯೊ ಪ್ರೊ ಟ್ರೆಕ್ ಬಗೆಯ ಹಲವು ವಾಚುಗಳು ಮೈನಸ್ 10 ಡಿಗ್ರಿಯವರೆಗೆ ತಡೆಯುತ್ತವೆ. ಹಲವು ಜಿಪಿಎಸ್ ಓಟದ ವಾಚುಗಳ ಮಿತಿ ಮೈನಸ್ 20. ಎರಡು ಸಂಖ್ಯೆಗಳಲ್ಲಿ ಚಿಕ್ಕದೇ ಅಕ್ಕನಿಗೆ ಮುಖ್ಯ. ವಾಚಿನ ಬೆಲೆಯಲ್ಲ, ಬಣ್ಣವಲ್ಲ.

ಪಕ್ಕದಲ್ಲಿ 'ಚಾರ್ಜಿಂಗ್ ಉಷ್ಣತೆ' ಎಂಬ ಇನ್ನೊಂದು ಸಾಲಿರುತ್ತದೆ. ಅದು ಸಾಮಾನ್ಯವಾಗಿ 0 ಡಿಗ್ರಿಯಿಂದ ಆರಂಭವಾಗುತ್ತದೆ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹ ಧ್ರುವದ ಮೇಲೆ ಪದರವಾಗಿ ಕೂರುತ್ತದೆ. ಬ್ಯಾಟರಿ ಶಾಶ್ವತವಾಗಿ ಹಾಳಾಗಬಹುದು. ಆದ್ದರಿಂದ ಓಟ ಮುಗಿದ ಕೂಡಲೇ ತಣ್ಣಗಿರುವ ವಾಚನ್ನು ಚಾರ್ಜಿಗೆ ಹಾಕಬಾರದು. ಮೊದಲು ಅದು ಕೋಣೆಯ ಶಾಖಕ್ಕೆ ಬರಲಿ.

ಕಟ್ಟಿಕೊಳ್ಳುವ ಜಾಣತನ

ಪ್ಯಾಂಗಾಂಗ್‌ನ ಗಾಳಿ ಮೈನಸ್ 20ಕ್ಕಿಂತ ತಣ್ಣಗಾದರೆ ಗತಿ? ಇಲ್ಲೊಂದು ಉಪಾಯವಿದೆ. ಮುಖ್ಯವಾದದ್ದು ಗಾಳಿಯ ಉಷ್ಣತೆಯಲ್ಲ, ವಾಚಿನ ಒಳಗಿನ ಉಷ್ಣತೆ. ನಮ್ಮ ದೇಹ ಸುಮಾರು 37 ಡಿಗ್ರಿಯ ಒಲೆ. ವಾಚನ್ನು ಚರ್ಮಕ್ಕೆ ತಾಗುವಂತೆ ಕಟ್ಟಿ ಮೇಲೆ ತೋಳಿನ ಬಟ್ಟೆ ಎಳೆದುಕೊಂಡರೆ ಅದು ಬೆಚ್ಚಗಿರುತ್ತದೆ. ನೋಡಲು ಸುಲಭವೆಂದು ಕೋಟಿನ ಮೇಲೆ ಕಟ್ಟಿದರೆ ವಾಚು ಗಾಳಿಯಷ್ಟೇ ತಣ್ಣಗಾಗುತ್ತದೆ.

ಹಾಗಾದರೆ ನಿಮ್ಮ ಆಯ್ಕೆ ಹೀಗಿರಬಹುದು:

1. ಮೈನಸ್ 20 ಡಿಗ್ರಿ ಅಥವಾ ಅದಕ್ಕೂ ಕೆಳಗಿನ ಮಿತಿ ಬರೆದಿರುವ ವಾಚು.
2. ಓಟದ ಹೊತ್ತಿನ ಎರಡು ಮೂರು ಪಟ್ಟು ಬಾಳುವ ಬ್ಯಾಟರಿ.
3. ಕೈಗವಸಿನಲ್ಲೂ ಒತ್ತಬಹುದಾದ ಗುಂಡಿಗಳು.
4. ಬಿಸಿಲಿನಲ್ಲೂ ಓದಲಾಗುವ ದೊಡ್ಡ ಅಂಕಿಗಳು.
5. ಚಳಿಗೆ ಸೆಡೆಯದ ಪಟ್ಟಿ.
6. ಒಳಜೇಬಿನಲ್ಲಿ ಲಿಥಿಯಂ ಗುಂಡಿ ಬ್ಯಾಟರಿಯ ಒಂದು ಸಾದಾ ವಾಚು. ಮೊದಲನೆಯದು ನಿಂತರೂ ಸಮಯದ ಲೆಕ್ಕ ತಪ್ಪದು.

ಹೊರಡುವ ಮುನ್ನ ಅಕ್ಕ ಚಳಿಯಿರುವ ಕಡೆ ಒಂದು ಚಿಕ್ಕ ಓಟ ಓಡಿ ವಾಚನ್ನು ಪರೀಕ್ಷಿಸಬೇಕು. ಪುಸ್ತಿಕೆ ಹೇಳಿದ್ದನ್ನು ಪ್ರಯೋಗ ಮಾಡಿ ಖಚಿತಪಡಿಸಿಕೊಳ್ಳುವುದೇ ವಿಜ್ಞಾನದ ದಾರಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಮುಚ್ಚಳವಿರುವ ಒಂದೇ ಅಳತೆಯ ಎರಡು ಚಿಕ್ಕ ಶೀಶೆ, ಜೋನಿ ಬೆಲ್ಲ ಅಥವಾ ಜೇನುತುಪ್ಪ, ಪುಡಿ ಮಾಡಿದ ಮಂಜುಗಡ್ಡೆ, ಕಲ್ಲುಪ್ಪು, ಒಂದು ಪಾತ್ರೆ.

ವಿಧಾನ: ಎರಡೂ ಶೀಶೆಗಳಿಗೆ ಸಮನಾಗಿ ಜೋನಿ ಬೆಲ್ಲ ಹಾಕಿ ಮುಚ್ಚಿ. ಪಾತ್ರೆಯಲ್ಲಿ ಮಂಜುಗಡ್ಡೆಗೆ ಉಪ್ಪು ಬೆರೆಸಿ. ಈ ಮಿಶ್ರಣ ಸೊನ್ನೆ ಡಿಗ್ರಿಗಿಂತಲೂ ತಣ್ಣಗಾಗುತ್ತದೆ. ಒಂದು ಶೀಶೆಯನ್ನು ಅದರಲ್ಲಿ ಅರ್ಧ ಗಂಟೆ ಹೂತಿಡಿ. ಇನ್ನೊಂದು ಹೊರಗಿರಲಿ. ಬಳಿಕ ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿ. ಬೆಲ್ಲ ಮುಚ್ಚಳದವರೆಗೆ ಇಳಿಯಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಬರೆದುಕೊಳ್ಳಿ. ಬ್ಯಾಟರಿಯ ದ್ರವಕ್ಕೂ ಪರದೆಯ ದ್ರವಸ್ಫಟಿಕಕ್ಕೂ ಏನಾಗುತ್ತದೆಂದು ಆಗ ಕಣ್ಣಾರೆ ತಿಳಿಯುತ್ತದೆ.

ಎಚ್ಚರಿಕೆ: ಉಪ್ಪು ಬೆರೆತ ಮಂಜುಗಡ್ಡೆಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಶಿಕ್ಷಕರು ಜೊತೆಯಲ್ಲಿರಲಿ.

ಯೋಚಿಸಿ ಉತ್ತರಿಸಿ

1. ತಣ್ಣಗಿರುವ ವಾಚನ್ನು ಬೆಚ್ಚನೆಯ ಕೋಣೆಗೆ ತಂದರೆ ಅದರ ಗಾಜಿನ ಮೇಲೆ ನೀರಹನಿಗಳು ಮೂಡುತ್ತವೆ. ಈ ನೀರು ಎಲ್ಲಿಂದ ಬಂತು?
2. ಕೈಗೆ ಕಟ್ಟಿದ ವಾಚಿನಲ್ಲಿ ಉಷ್ಣತಾಮಾಪಕವಿದ್ದರೆ ಅದು ಹೊರಗಿನ ಚಳಿಯನ್ನು ಸರಿಯಾಗಿ ತೋರಿಸುವುದೇ?
3. ಗಾಳಿಯ ಉಷ್ಣತೆ ಮೈನಸ್ 10. ಬಿರುಗಾಳಿ ಬೀಸುತ್ತಿದೆ. ಬಂಡೆಯ ಮೇಲಿಟ್ಟ ವಾಚು ಮೈನಸ್ 15ಕ್ಕೆ ಇಳಿಯುವುದೇ?

(ಉತ್ತರ: 1. ಕೋಣೆಯ ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಗಾಜಿಗೆ ತಾಗಿ ಹನಿಯಾಯಿತು. 2. ಇಲ್ಲ, ಮೈಯ ಶಾಖ ಸೇರಿ ಹೆಚ್ಚು ತೋರಿಸುತ್ತದೆ. 3. ಇಲ್ಲ. ಬಿರುಗಾಳಿ ವಾಚನ್ನು ಬೇಗ ತಣ್ಣಗೆ ಮಾಡುತ್ತದೆಯೇ ಹೊರತು ತನಗಿಂತ ತಣ್ಣಗೆ ಮಾಡಲಾರದು.)